ಟಾಯ್ಲೆಟ್ ಜೊತೆಗೇ ಬರೋ ಪ್ರವಾಸ

ಆರ್‌ವಿ ಅಂದ ತಕ್ಷಣ ಬೆಂಗಳೂರಿನ ಇಂಜಿನಿಯರಿಂಗ್ ಹುಡುಗರಿಗೆ ನೆನಪಾಗೋದು ಮೈಸೂರು ರಸ್ತೆಯ ಕಾಲೇಜು. ಅಮೆರಿಕದಲ್ಲಿ ಆ ಎರಡಕ್ಷರಕ್ಕೆ ಅರ್ಥವೇ ಬೇರೆ: ರಿಕ್ರಿಯೇಷನಲ್ ವೆಹಿಕಲ್. ಮಲಗೋಕೆ ಮಂಚ, ಸಣ್ಣ ಅಡುಗೆಮನೆ, ಫ್ರಿಜ್ಜು, ಬಚ್ಚಲು, ಟಾಯ್ಲೆಟ್ ಎಲ್ಲಾ ಇರೋ ಗಾಲಿ ಮೇಲಿನ ಮನೆ. ನಮ್ಮ ಕಡೆ ಇದಕ್ಕೆ ಕ್ಯಾರವಾನ್ ಅಂತಾರೆ. ಶೂಟಿಂಗ್ ನಡುವೆ ಹೀರೋಗಳು ಹೋಗಿ ಕೂರೋ ಗಾಡಿ ಅಂದ್ರೆ ಎಲ್ಲರಿಗೂ ಗೊತ್ತಾಗುತ್ತೆ. ಈಗ ಬೆಂಗಳೂರಲ್ಲಿ ಬಾಡಿಗೆಗೂ ಸಿಗುತ್ತೆ. ಅದರ ಜಾಹೀರಾತುಗಳನ್ನ ನೀವೂ ನೋಡಿರ್ತೀರಿ: ಬೆಟ್ಟದ ತುದಿ, ಕೈಯಲ್ಲಿ ಕಾಫಿ ಕಪ್ಪು, ಕಾಲು ಚಾಚಿ ಕೂತ ಯುವ ಜೋಡಿ, ಪಕ್ಕದಲ್ಲೊಂದು ನಾಯಿ.

ಆ ಚಿತ್ರದಲ್ಲಿ ಇರಬೇಕಾದವರು ಬೇರೆ ಅನ್ನೋದು ನಮ್ಮ ವಾದ. ಕಾಲು ಚಾಚಿ ಕೂರಬಲ್ಲ ಆ ಜೋಡಿ ಬಸ್ಸಲ್ಲೂ ಹೋಗಬಹುದು, ಬೈಕಲ್ಲೂ ಹೋಗಬಹುದು, ಟೆಂಟಲ್ಲೂ ಮಲಗಬಹುದು. ಅವರಿಗೆ ಕ್ಯಾರವಾನ್ ಒಂದು ಶೋಕಿ. ಇನ್ನು ಕೆಲವರಿಗೆ ಅದು ಪ್ರವಾಸ ಹೋಗೋದಾ ಬಿಡೋದಾ ಅನ್ನೋ ಪ್ರಶ್ನೆಗೆ ಇರೋ ಒಂದೇ ಉತ್ತರ. ಆ ಕೆಲವರಲ್ಲಿ ನಮ್ಮ ಸಂಘದವರೂ ಇದ್ದಾರೆ.

ನಮ್ಮ ಗೆಳೆಯನೊಬ್ಬನಿಗೆ ಅಲ್ಸರೇಟಿವ್ ಕೊಲೈಟಿಸ್ ಇದೆ. ಅಂದ್ರೆ ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು. ಕಾಯಿಲೆ ಕೆರಳಿದಾಗ ದಿನಕ್ಕೆ ಎಂಟು-ಹತ್ತು ಸಲ ಓಡಬೇಕಾಗುತ್ತೆ, ಅದೂ ಎರಡು ನಿಮಿಷ ತಡೆಯೋಕಾಗದ ಹಾಗೆ. ನೋಡೋಕೆ ನಮ್ಮ ನಿಮ್ಮ ಹಾಗೇ ಇದ್ದಾನೆ, ಕ್ರಿಕೆಟ್ ಆಡ್ತಾನೆ, ಲ್ಯಾಬಿಗೆ ಲೇಟಾಗಿ ಬರ್ತಾನೆ. (ಅವನನ್ನ ಕೇಳಿಯೇ ಇದನ್ನ ಬರೀತಿದ್ದೇವೆ. "ಹೆಸರು ಹಾಕಬೇಡಿ, ಕಾಯಿಲೆ ಹೆಸರು ಮಾತ್ರ ಸರಿಯಾಗಿ ಹಾಕಿ" ಅಂದ.) ಎಲ್ಲಿಗಾದರೂ ಬಸ್ಸಲ್ಲಿ ಹೋಗಲೇಬೇಕು ಅಂದಾಗ ಅವನು ಹಿಂದಿನ ದಿನ ಮಧ್ಯಾಹ್ನದಿಂದಲೇ ಊಟ ಬಿಡ್ತಾನೆ. ದಾರಿಯಲ್ಲಿ ನೀರೂ ಕುಡಿಯಲ್ಲ. ಬೆಂಗಳೂರಿಂದ ಕುಪ್ಪಳಿಗೆ ಮುನ್ನೂರು ಕಿಲೋಮೀಟರಿಗೂ ಮೇಲೆ. ಕವಿಶೈಲದ ಬಂಡೆ ಮೇಲೆ ನಿಂತು ಎಲ್ಲರೂ ಸೂರ್ಯಾಸ್ತ ನೋಡುವಾಗ ಅವನು ಒಂದೂವರೆ ದಿನದ ಉಪವಾಸದಲ್ಲಿ ನಿಂತಿರಬೇಕು. ಅದಕ್ಕಿಂತ ಇಂಟರ್ನಲ್ಸ್ ಇದೆ ಅಂತ ಹೇಳಿ ಮನೇಲಿರೋದು ವಾಸಿ ಅಂತ ಅವನ ಲೆಕ್ಕ. ಆ ಲೆಕ್ಕದಲ್ಲಿ ತಪ್ಪಿಲ್ಲ.

ನೀರು ಕುಡಿಯದೆ ಪ್ರಯಾಣ ಮಾಡೋ ಲೆಕ್ಕ ಈ ದೇಶದ ಹೆಂಗಸರಿಗೆ ಹೊಸದೇನಲ್ಲ ಬಿಡಿ. ನಮ್ಮ ಅಜ್ಜಿ, ಅಮ್ಮಂದಿರನ್ನ ಕೇಳಿ ನೋಡಿ: ರಾತ್ರಿ ಬಸ್ಸು ಅಂದ್ರೆ ಸಂಜೆ ಐದಕ್ಕೇ ಕಾಫಿ ಬಂದ್. ಆರೋಗ್ಯ ಗಟ್ಟಿಯಿದ್ದವರಿಗೇ ಹೀಗಾದರೆ, ಮೂತ್ರಕೋಶದ ತೊಂದರೆ ಇರೋರಿಗೆ, ಬೆನ್ನುಹುರಿಗೆ ಪೆಟ್ಟಾಗಿ ನಾಲ್ಕೈದು ಗಂಟೆಗೊಮ್ಮೆ ಕ್ಯಾಥೆಟರ್ ಹಾಕಿಕೊಳ್ಳಲೇಬೇಕಾದವರಿಗೆ, ಹೊಟ್ಟೆ ಮೇಲೆ ಸ್ಟೋಮಾ ಚೀಲ ಇರೋರಿಗೆ ಏನು ಕಥೆ? ಕ್ಯಾಥೆಟರಿಗೆ ಶುಚಿಯಾದ ಜಾಗ ಬೇಕು, ಕೈ ತೊಳೆಯೋಕೆ ನೀರು ಬೇಕು, ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಇರೋಕೆ ಬಿಡಬೇಕು. ಹೆದ್ದಾರಿಯ ಹೋಟೆಲ್ ಮುಂದೆ ಬಸ್ ನಿಲ್ಲೋದೇ ಹತ್ತು ನಿಮಿಷ. ನಮ್ಮ ಕರುಳು, ಮೂತ್ರಕೋಶ ಯಾವಾಗ ಕೆಲಸ ಮಾಡಬೇಕು ಅನ್ನೋದನ್ನ ಡ್ರೈವರಣ್ಣ ತೀರ್ಮಾನಿಸ್ತಾರೆ. ಅವರದ್ದೂ ತಪ್ಪಲ್ಲ, ಅವರಿಗೆ ಟೈಮಿಂಗ್ ಇದೆ.

ಆರ್‌ವಿ ಬದಲಾಯಿಸೋದು ಇದನ್ನೇ. ಟಾಯ್ಲೆಟ್ ಹುಡುಕಿಕೊಂಡು ಹೋಗಬೇಕಿಲ್ಲ, ಅದು ಜೊತೆಗೇ ಬರುತ್ತೆ. ಸುಸ್ತಾದರೆ ಗಾಡಿ ಪಕ್ಕಕ್ಕೆ ಹಾಕಿ ಮಲಗಬಹುದು. ಔಷಧಿಯ ಫ್ರಿಜ್ಜು ಎರಡು ಹೆಜ್ಜೆ ದೂರದಲ್ಲಿ. ದಿನಾ ಹೊಸ ಹೋಟೆಲಿನ ಹೊಸ ಬಚ್ಚಲಲ್ಲಿ ಎಲ್ಲಿ ಹಿಡ್ಕೋಬೇಕು, ಎಲ್ಲಿ ಜಾರುತ್ತೆ ಅಂತ ಕಲಿಯಬೇಕಿಲ್ಲ. ಹಾಸಿಗೆ ಅದೇ, ಹಿಡಿಕೆ ಅದೇ, ಕಿಟಕಿ ಆಚೆಗಿನ ಊರು ಮಾತ್ರ ಬೇರೆ. ದೀರ್ಘಕಾಲದ ಕಾಯಿಲೆ ಇರೋ ಎಷ್ಟೋ ಅಮೆರಿಕನ್ನರು ಆರ್‌ವಿ ಹಿಡಿದಿರೋದು ಇದೇ ಕಾರಣಕ್ಕೆ.

ಆದ್ರೆ ಅಲ್ಲಿ ಕೆಲಸ ಆಗಿರೋದು ಗಾಡಿ ಒಂದರಿಂದಲೇ ಅಲ್ಲ, ಅದು ಹೋಗಿ ನಿಲ್ಲೋ ಜಾಗವೂ ತಯಾರಿದೆ. ಸರ್ಕಾರಿ ದುಡ್ಡಲ್ಲಿ ಕಟ್ಟಿದ ಕಟ್ಟಡ, ಸೌಲಭ್ಯಗಳು ಅಂಗವೈಕಲ್ಯ ಇರುವವರಿಗೂ ಬಳಸೋಕಾಗಬೇಕು ಅನ್ನೋ ಕಾನೂನು ಅಮೆರಿಕದಲ್ಲಿ 1968ರಲ್ಲೇ ಬಂತು. ಎಲ್ಲರೂ ಹೆಸರು ಹೇಳೋ 1990ರ ಅಂಗವಿಕಲರ ಕಾಯ್ದೆಗಿಂತ 22 ವರ್ಷ ಮೊದಲು. ಹಾಗಾಗಿ ಸರ್ಕಾರಿ ಕ್ಯಾಂಪ್‌ಗ್ರೌಂಡಿನಲ್ಲಿ ಕೆಲವು ಜಾಗಗಳ ನೆಲ ಗಟ್ಟಿಯಾಗಿ, ಸಮತಟ್ಟಾಗಿ ಇರುತ್ತೆ. ಊಟದ ಮೇಜಿನ ಒಂದು ತುದಿ ಉದ್ದಕ್ಕೆ ಚಾಚಿರುತ್ತೆ, ಗಾಲಿಕುರ್ಚಿಯವರ ಮಂಡಿ ಅದರ ಕೆಳಗೆ ಹೋಗಲಿ ಅಂತ. ಬೆಂಕಿ ಹಾಕೋ ಉಂಗುರದ ತಳ ನೆಲದಿಂದ ಮೇಲಕ್ಕೆ ಎತ್ತಿರುತ್ತೆ, ಕುರ್ಚಿಯಲ್ಲಿ ಕೂತವರೂ ಸೌದೆ ಹಾಕಲಿ ಅಂತ. ಬೆಂಕಿ ಮುಂದೆ ಕೂತು ಬೆಚ್ಚಗಾಗೋದು ಬೇರೆ, ಬೆಂಕಿಗೆ ನಾವೇ ಸೌದೆ ಹಾಕೋದು ಬೇರೆ ಅಂತ ಯಾರೋ ಯೋಚನೆ ಮಾಡಿದ್ದಾರೆ. ನಮಗೆ ಇಷ್ಟವಾಗಿದ್ದು ಅದು.

ಇದರ ಜೊತೆ ಆಕ್ಸೆಸ್ ಪಾಸ್ ಅಂತೊಂದಿದೆ. ಶಾಶ್ವತ ಅಂಗವೈಕಲ್ಯ ಇರೋ ಅಮೆರಿಕದ ಪ್ರಜೆಗಳಿಗೆ, ಕಾಯಂ ನಿವಾಸಿಗಳಿಗೆ ರಾಷ್ಟ್ರೀಯ ಉದ್ಯಾನಗಳಿಗೆ ಜೀವನಪೂರ್ತಿ ಉಚಿತ ಪ್ರವೇಶ. ಎಷ್ಟೋ ಕಡೆ ಕ್ಯಾಂಪಿಂಗ್ ಶುಲ್ಕದಲ್ಲೂ ಅರ್ಧ ರಿಯಾಯಿತಿ. ಗಮನಿಸಬೇಕಾದ್ದು ಏನಂದ್ರೆ, ಅದಕ್ಕೆ ಕಾಯಿಲೆಗಳ ಪಟ್ಟಿ ಇಲ್ಲ. ಬದುಕಿನ ಮುಖ್ಯ ಚಟುವಟಿಕೆಗಳಿಗೆ ತೀವ್ರವಾಗಿ ಅಡ್ಡಿ ಮಾಡೋ ಶಾಶ್ವತ ಸ್ಥಿತಿ ಇದೆಯಾ ಅನ್ನೋದಷ್ಟೇ ಪ್ರಶ್ನೆ. ಬೇಸಿಗೆಯಲ್ಲಿ ಮಗನ ಮನೆಗೆ ಅಂತ ಶಿವಮೊಗ್ಗದಿಂದ, ಹಾಸನದಿಂದ ಹೋದ ಅಪ್ಪ-ಅಮ್ಮನಿಗೆ ಈ ಪಾಸ್ ಸಿಗಲ್ಲ, ಅವರು ವಿಸಿಟರ್ ವೀಸಾದವರು. ಮಂಡಿನೋವಿನ ಅಮ್ಮ ಬಾಡಿಗೆ ಆರ್‌ವಿಯ ಎತ್ತರದ ಮೆಟ್ಟಿಲನ್ನ ಮಗನ ಭುಜ ಹಿಡಿದೇ ಹತ್ತಬೇಕು.

ಆ ಮೆಟ್ಟಿಲಿನ ವಿಷಯಕ್ಕೆ ಬರೋಣ. ಅಮೆರಿಕದ ಆರ್‌ವಿಗಳೆಲ್ಲ ಗಾಲಿಕುರ್ಚಿಗೆ ಒಗ್ಗುತ್ತವೆ ಅಂದುಕೊಂಡರೆ ಅದು ಸುಳ್ಳು. ಬಹುಪಾಲು ಗಾಡಿಗಳ ಬಾಗಿಲು ಕಿರಿದು, ಒಳಗಿನ ಓಣಿ ಇನ್ನೂ ಕಿರಿದು. ನಾವು ಇಂಜಿನಿಯರಿಂಗ್ ಓದೋರು, ಲೆಕ್ಕ ಹಾಕೋಣ. ರ‍್ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು ಅನ್ನೋದು ನಿಯಮ. ಗಾಡಿಯ ನೆಲ ರಸ್ತೆಯಿಂದ 75 ಸೆಂಟಿಮೀಟರ್ ಎತ್ತರ ಇದ್ದರೆ 9 ಮೀಟರ್ ಉದ್ದದ ರ‍್ಯಾಂಪ್ ಬೇಕು. ನಮ್ಮ ದೂರ ಪ್ರಯಾಣದ ಬಸ್ಸಿನ ನೆಲ ಒಂದು ಮೀಟರ್ ಅಂತ ಹಿಡಿದರೂ 12 ಮೀಟರ್, ಅಂದ್ರೆ ಬಸ್ಸಿನಷ್ಟೇ ಉದ್ದದ ರ‍್ಯಾಂಪ್! ಹಾಗಾಗಿ ರ‍್ಯಾಂಪ್ ಇಲ್ಲಿ ಉತ್ತರವಲ್ಲ, ಲಿಫ್ಟೇ ಬೇಕು. ಇನ್ನು ಒಳಗೆ. ಗಾಲಿಕುರ್ಚಿ ಒಂದು ಸುತ್ತು ತಿರುಗೋಕೆ 1.5 ಮೀಟರ್ ವ್ಯಾಸದ ಜಾಗ ಬೇಕು. ನಮ್ಮ ದೇಶದಲ್ಲಿ ವಾಹನದ ಗರಿಷ್ಠ ಅಗಲ 2.6 ಮೀಟರ್. ಗೋಡೆಗಳ ದಪ್ಪ ಕಳೆಯಿರಿ, ಒಂದು ಕಡೆ ಮಂಚ, ಇನ್ನೊಂದು ಕಡೆ ಅಡುಗೆ ಕಟ್ಟೆ ಇಡಿ. ಉಳಿಯೋದು ಒಂದೂಕಾಲು ಮೀಟರ್ ಇದ್ದರೆ ಹೆಚ್ಚು. ಕುರ್ಚಿ ಒಳಗೆ ಹೋಗುತ್ತೆ, ತಿರುಗಲ್ಲ. ಇದಕ್ಕೆ ಅವರು ಕಂಡುಕೊಂಡ ಉಪಾಯ ಸ್ಲೈಡ್‌ಔಟ್: ಗಾಡಿ ನಿಂತ ಮೇಲೆ ಒಂದು ಪಕ್ಕದ ಗೋಡೆ ಮಂಚದ ಸಮೇತ ಡ್ರಾಯರಿನ ಹಾಗೆ ಹೊರಗೆ ಸರಿದು ಕೋಣೆ ಅಗಲವಾಗುತ್ತೆ. ಅಯೋವಾ ರಾಜ್ಯದಲ್ಲಿ ಹುಟ್ಟಿದ ವಿನ್ನೆಬಾಗೊ ಕಂಪನಿ ಗಾಲಿಕುರ್ಚಿ ಲಿಫ್ಟು, ಅಗಲವಾದ ಓಣಿ, ಕುರ್ಚಿಯಿಂದಲೇ ಬಳಸಬಹುದಾದ ಬಚ್ಚಲು ಇರೋ ಮಾದರಿಗಳನ್ನ ಮಾರ್ತಿದೆ. ಅಂದ್ರೆ ಆಗದ ಕೆಲಸ ಅಲ್ಲ, ಆಗಲೇ ಆಗಿರೋ ಕೆಲಸ.

ಫ್ರಿಜ್ಜಿನ ಕಥೆ ಇನ್ನೂ ಚೆನ್ನಾಗಿದೆ. ಇನ್ಸುಲಿನ್ ಬಾಟಲಿಯನ್ನ ತೆರೆಯೋ ಮೊದಲು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ತೆರೆದ ಮೇಲೆ ಸಾಮಾನ್ಯವಾಗಿ 28 ದಿನ ಕೋಣೆಯ ತಾಪಮಾನದಲ್ಲಿ ಇಡಬಹುದು, ಆದ್ರೆ ಆ ಕೋಣೆ ಮೇ ತಿಂಗಳ ಬಳ್ಳಾರಿಯಲ್ಲಿ ಬಿಸಿಲಿಗೆ ನಿಲ್ಲಿಸಿದ ಗಾಡಿ ಆಗಿರಬಾರದು. ಹೆಪ್ಪುಗಟ್ಟಿದರೂ ಇನ್ಸುಲಿನ್ ಕೆಟ್ಟಿತು ಅಂತಲೇ ಲೆಕ್ಕ, ಫ್ರಿಜ್ಜಿನ ಹಿಂದಿನ ಗೋಡೆಗೆ ತಾಗಿಸಿ ಇಡೋ ಹಾಗೂ ಇಲ್ಲ. ಹಳೇ ಆರ್‌ವಿಗಳಲ್ಲಿ ಇರೋದು ಅಬ್ಸಾರ್ಪ್ಷನ್ ಫ್ರಿಜ್ಜು. ಅದಕ್ಕೆ ಕಂಪ್ರೆಸರ್ ಇಲ್ಲ, ಸದ್ದಿಲ್ಲ. ಗ್ಯಾಸಿನ ಸಣ್ಣ ಉರಿಯ ಶಾಖದಿಂದಲೇ ತಂಪು ಮಾಡುತ್ತೆ. ಇದನ್ನ 1922ರಲ್ಲಿ ಕಂಡುಹಿಡಿದವರು ಸ್ಟಾಕ್‌ಹೋಮಿನ ತಾಂತ್ರಿಕ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್. ವಿದ್ಯಾರ್ಥಿಗಳು! ಒಂದೇ ತೊಂದರೆ: ಒಳಗಿನ ದ್ರವ ಗುರುತ್ವದಿಂದ ಹರಿಯೋದರಿಂದ ಗಾಡಿ ಸಮತಟ್ಟಾಗಿ ನಿಲ್ಲಬೇಕು. ಮಲೆನಾಡಿನ ಏರಿನಲ್ಲಿ ಓರೆಯಾಗಿ ನಿಲ್ಲಿಸಿ ರಾತ್ರಿ ಕಳೆದರೆ ಫ್ರಿಜ್ಜು ತಂಪಾಗಲ್ಲ. ಈಗಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ಜಿಗೆ ಈ ರಗಳೆ ಇಲ್ಲ.

"ಮಡಕೆ ಇದೆಯಲ್ಲ" ಅಂತ ಸಂಘದ ಸಭೆಯಲ್ಲಿ ಒಬ್ಬರು ಅಂದರು. ಒಳ್ಳೇ ಮಾತೇ. ಆದ್ರೆ ಮಡಕೆ ತಂಪಾಗೋದು ನೀರು ಆವಿಯಾಗೋದರಿಂದ, ಅದಕ್ಕೆ ಒಣಹವೆ ಬೇಕು. 40 ಡಿಗ್ರಿ ಬಿಸಿಲು, ತೇವಾಂಶ ಶೇ. 20 ಇರೋ ವಿಜಯಪುರದ ಮಧ್ಯಾಹ್ನದಲ್ಲಿ ಅದು ಹೆಚ್ಚೆಂದರೆ 23 ಡಿಗ್ರಿವರೆಗೂ ಇಳಿಸಬಹುದು. 32 ಡಿಗ್ರಿ, ತೇವಾಂಶ ಶೇ. 80 ಇರೋ ಕಾರವಾರದಲ್ಲಿ 29ರ ಕೆಳಗೆ ಇಳಿಯೋದೇ ಇಲ್ಲ. ಬಯಲುಸೀಮೆಯ ಮಡಕೆ ಕರಾವಳಿಗೆ ಹೋದರೆ ಬರೀ ಮಡಕೆ.

ಕರೆಂಟಿನದೂ ಇದೇ ರೀತಿಯ ಲೆಕ್ಕ. ನಿದ್ದೆಯಲ್ಲಿ ಉಸಿರು ಕಟ್ಟೋ ಸ್ಲೀಪ್ ಆಪ್ನಿಯಾ ಇರೋರಿಗೆ ಸಿಪ್ಯಾಪ್ ಯಂತ್ರ ಬೇಕು. ನೀರು ಬಿಸಿ ಮಾಡೋ ಭಾಗ ಆಫ್ ಮಾಡಿದರೆ ಸುಮಾರು 40 ವಾಟ್, ಎಂಟು ಗಂಟೆಗೆ 320 ವಾಟ್-ಅವರ್. 12 ವೋಲ್ಟ್, 100 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು ಅಂದ್ರೆ 600. ಒಂದು ರಾತ್ರಿ ಧಾರಾಳ, ಎರಡನೇ ರಾತ್ರಿ ಅನುಮಾನ. ಜನರೇಟರ್ ಹಾಕೋಣ ಅಂದ್ರೆ, ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಕ್ಯಾಂಪಿನಲ್ಲಿ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡೋ ಹಾಗಿಲ್ಲ. ನಮ್ಮಲ್ಲಿ ಆ ಕಟ್ಟುಪಾಡಿಲ್ಲ, ಆದ್ರೆ ಪ್ಲಗ್ಗೂ ಇಲ್ಲ.

ಈಗ ನಮ್ಮ ರಾಜ್ಯಕ್ಕೆ ಬರೋಣ. ಪಕ್ಕದ ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸೋದ್ಯಮದ ನೀತಿ ತಂದಿತು. ನಮ್ಮಲ್ಲೂ ಕ್ಯಾರವಾನ್ ಮಾತು ಹಲವು ವರ್ಷಗಳಿಂದ ಇದೆ, ಖಾಸಗಿಯವರ ಗಾಡಿಗಳು ಓಡಾಡ್ತಿವೆ. ಆದ್ರೆ ನಾವು ನೋಡಿದ ಗಾಡಿಗಳಲ್ಲಿ ಸೋಫಾ ಇದೆ, ದೊಡ್ಡ ಟಿವಿ ಇದೆ, ಬಣ್ಣದ ಎಲ್‌ಇಡಿ ಪಟ್ಟಿ ಇದೆ. ಬಾಗಿಲಲ್ಲಿ ಮೂರು ಮೆಟ್ಟಿಲು. ಟಾಯ್ಲೆಟ್ಟಿನಲ್ಲಿ ಹಿಡಿಯೋಕೆ ಒಂದು ಕಂಬಿ ಇಲ್ಲ. ಕಂಬಿಗೆ ಎಷ್ಟು ಖರ್ಚು ಸ್ವಾಮಿ?

ಕಾನೂನು ನಮ್ಮಲ್ಲಿ ಇಲ್ಲ ಅಂತಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದೆ. ಬಸ್ಸುಗಳಲ್ಲಿ ಆದ್ಯತೆಯ ಸೀಟು, ಊರುಗೋಲು ಇಡೋ ಜಾಗ, ಗಾಲಿಕುರ್ಚಿ ಹತ್ತಿಸಿ ಭದ್ರವಾಗಿ ನಿಲ್ಲಿಸೋ ವ್ಯವಸ್ಥೆ ಬಗ್ಗೆ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿ 2020ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಅಂತ ಸುಪ್ರೀಂ ಕೋರ್ಟು 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ. ಅಂಗವಿಕಲ, ವಿಕಲಚೇತನ, ವಿಶೇಷಚೇತನ ಅಂತ ಹೆಸರು ಬದಲಾಗ್ತಾ ಬಂತು, ಬಸ್ಸಿನ ಮೆಟ್ಟಿಲು ಮಾತ್ರ ಹಾಗೇ ಇದೆ. 2016ರ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯ ಇವೆ. ಹಿಮೋಫಿಲಿಯಾ, ಥಲಸ್ಸೀಮಿಯಾ, ಪಾರ್ಕಿನ್ಸನ್ ಕೂಡ ಸೇರಿವೆ, ಒಳ್ಳೆಯದೇ. ಮಧುಮೇಹ ಇಲ್ಲ, ನಮ್ಮ ಗೆಳೆಯನ ಕೊಲೈಟಿಸ್ ಇಲ್ಲ. ಅವನ ಹತ್ತಿರ ತೋರಿಸೋಕೆ ಕಾರ್ಡಿಲ್ಲ. ಕಾರ್ಡ್ ಇದ್ದವರಿಗೂ ಸಾರಿಗೆ ನಿಗಮಗಳ ರಿಯಾಯಿತಿ ಪಾಸು ಸಾಮಾನ್ಯವಾಗಿ ವಾಸದ ಜಾಗದಿಂದ 100 ಕಿಲೋಮೀಟರ್ ಒಳಗಷ್ಟೇ. ಆಸ್ಪತ್ರೆಗೆ, ಕಚೇರಿಗೆ, ಕಾಲೇಜಿಗೆ ಹೋಗಿ ಬರೋಕೆ ಅಷ್ಟು ಸಾಕು ಅಂತ ಯಾರೋ ಕೂತು ಅಳತೆ ಮಾಡಿದ್ದಾರೆ. ಹಂಪಿಗೆ ಹೋಗ್ತಾರೆ, ಜೋಗಕ್ಕೆ ಹೋಗ್ತಾರೆ, ಸುಮ್ಮನೆ ಸಮುದ್ರ ನೋಡೋಕೆ ಹೋಗ್ತಾರೆ ಅನ್ನೋದು ಆ ಅಳತೆಯೊಳಗೆ ಬಂದಿಲ್ಲ.

ನಮ್ಮ ವಾದಕ್ಕೆ ಎದುರುವಾದಗಳು ಇವೆ. ಎಲ್ಲರೂ ಮೊದಲು ಹೇಳೋದು ದುಡ್ಡು. ನಿಜ, ಕ್ಯಾರವಾನಿನ ಒಂದು ದಿನದ ಬಾಡಿಗೆಯಲ್ಲಿ ನಾವು ಐದು ಜನ ಬಸ್ಸಲ್ಲಿ ಗೋಕರ್ಣಕ್ಕೆ ಹೋಗಿ ಬರಬಹುದು. ಆದ್ರೆ ದುಬಾರಿ ಆಗಿರೋದು ಟಾಯ್ಲೆಟ್ ಅಲ್ಲ, ಸೋಫಾ ಮತ್ತು ಟಿವಿ. ಎರಡನೇ ವಾದ ಇನ್ನೂ ಗಟ್ಟಿ, ಅದನ್ನ ಹೇಳಿದ್ದು ಕ್ಯಾಲಿಪರ್ ಹಾಕಿಕೊಂಡು ನಡೆಯೋ ನಮ್ಮ ಜೂನಿಯರ್: "ನಿಮಗೆ ಅಂತ ಬೇರೆ ಗಾಡಿ ಕೊಟ್ಟಿದ್ದೀವಿ, ಅದರಲ್ಲೇ ಇರಿ ಅಂತ ಆಗುತ್ತೆ. ಆಮೇಲೆ ಬಸ್ ಸ್ಟ್ಯಾಂಡಿನ ಟಾಯ್ಲೆಟ್ ಯಾರೂ ಸರಿ ಮಾಡಲ್ಲ." ಈ ಮಾತಿಗೆ ನಮ್ಮ ಹತ್ತಿರ ಪೂರ್ತಿ ಉತ್ತರ ಇಲ್ಲ. ಗಾಡಿ ಹಂಪಿಯವರೆಗೂ ಹೋಗಬಹುದು, ಗಾಡಿಯಿಂದ ಇಳಿದ ಮೇಲೆ ವಿಠ್ಠಲ ದೇವಸ್ಥಾನದ ಅಂಗಳದೊಳಗೆ ಹೋಗೋದು ಬೇರೆ ವಿಷಯ. ಅಷ್ಟಾದರೂ ಒಂದು ಹೇಳ್ತೀವಿ: ಬಸ್ ಸ್ಟ್ಯಾಂಡುಗಳೆಲ್ಲ ಸರಿಯಾಗೋವರೆಗೆ ಕಾಯಿರಿ ಅಂತ ಇಪ್ಪತ್ತು ವರ್ಷದವನಿಗೆ ಹೇಳಿದರೆ ಅವನಿಗೆ ಕುಪ್ಪಳಿ ಸಿಗೋದು ಅರವತ್ತಕ್ಕೆ. "ಅಂಥವರು ಪ್ರವಾಸಕ್ಕೆ ಬರೋದೇ ಇಲ್ಲ, ಯಾರಿಗಾಗಿ ಮಾಡೋದು" ಅನ್ನೋ ಮೂರನೇ ವಾದವನ್ನ ನಾವು ಲೆಕ್ಕಕ್ಕೇ ತಗೊಳ್ಳಲ್ಲ. ಸೇತುವೆ ಇಲ್ಲದ ಹೊಳೆಯನ್ನ ಎಷ್ಟು ಜನ ದಾಟ್ತಾರೆ ಅಂತ ಎಣಿಸಿ ಸೇತುವೆ ಕಟ್ಟೋ ತೀರ್ಮಾನ ಮಾಡಬಾರದು ಅಂತ ಸಿವಿಲ್‌ನವರು ಹೇಳ್ತಾರೆ.

ಹಾಗಾದರೆ ಏನು ಮಾಡಬಹುದು? ರಾಜ್ಯ ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳು ಎಲ್ಲಿ ಬೇಕೋ ಅಲ್ಲೇ ಇವೆ: ಹಂಪಿ ಪಕ್ಕದ ಕಮಲಾಪುರದಲ್ಲಿ ಮಯೂರ ಭುವನೇಶ್ವರಿ, ಬಾದಾಮಿಯಲ್ಲಿ ಮಯೂರ ಚಾಲುಕ್ಯ, ಜೋಗದಲ್ಲಿ ಮಯೂರ ಗೇರುಸೊಪ್ಪ. ಒಂದೊಂದರ ಕಾಂಪೌಂಡಿನಲ್ಲೂ ಎರಡು ಗಾಡಿ ನಿಲ್ಲೋವಷ್ಟು ಸಮತಟ್ಟಾದ ಕಾಂಕ್ರೀಟ್ ನೆಲ, 15 ಆಂಪಿಯರ್ ಪ್ಲಗ್ಗು, ಒಂದು ನಲ್ಲಿ, ಟಾಯ್ಲೆಟ್ ಟ್ಯಾಂಕು ಖಾಲಿ ಮಾಡೋಕೆ ಚರಂಡಿಗೆ ಸೇರೋ ಒಂದು ಬಾಯಿ. ಇಷ್ಟಿದ್ದರೆ ಅದು ಕ್ಯಾಂಪ್‌ಗ್ರೌಂಡ್. ಆ ಕೊನೆಯದನ್ನ ಯಾರೂ ಯೋಚಿಸಲ್ಲ, ಆದ್ರೆ ಅದಿಲ್ಲದಿದ್ದರೆ ಮೂರನೇ ದಿನ ಟ್ಯಾಂಕು ಯಾವುದೋ ಹಳ್ಳಕ್ಕೆ ಖಾಲಿಯಾಗುತ್ತೆ, ಊರವರು ಬಡಿಗೆ ಹಿಡಿದು ಬರ್ತಾರೆ, ಬರಲೇಬೇಕು. ಸರ್ಕಾರದ ಸಹಾಯಧನ ಪಡೆದ ಕ್ಯಾರವಾನುಗಳಲ್ಲಿ ಇಂತಿಷ್ಟಕ್ಕೆ ಲಿಫ್ಟು ಇರಲೇಬೇಕು, ಎಲ್ಲದರ ಟಾಯ್ಲೆಟ್ಟಿನಲ್ಲೂ ಕಂಬಿ ಇರಲೇಬೇಕು ಅಂತ ಷರತ್ತು ಹಾಕೋಕೆ ಹೊಸ ಕಾಯ್ದೆ ಬೇಕಿಲ್ಲ, ಆದೇಶದಲ್ಲಿ ಒಂದು ಸಾಲು ಸಾಕು.

ನಮ್ಮ ಕಾಲೇಜುಗಳ ಮಟ್ಟಕ್ಕೆ ಬಂದರೆ, ಪ್ರತಿ ವರ್ಷದ ಪ್ರಾಜೆಕ್ಟ್ ಪ್ರದರ್ಶನದಲ್ಲಿ ಒಂದು ಸ್ಮಾರ್ಟ್ ಗಾಲಿಕುರ್ಚಿ ಇದ್ದೇ ಇರುತ್ತೆ. ಆರ್ಡ್ವಿನೋ ಬೋರ್ಡು, "ಫಾರ್ವರ್ಡ್" ಅಂದ್ರೆ ಮುಂದೆ ಹೋಗುತ್ತೆ, ಮೂರನೇ ಸಲ ಅಂದ್ರೆ ಗೋಡೆಗೆ ಗುದ್ದುತ್ತೆ. ಅದರ ಬದಲು ಬಾಡಿಗೆ ಟಿಟಿಗೆ ಎರಡು ಗಂಟೆಯಲ್ಲಿ ಕೂರಿಸಿ, ಎರಡು ಗಂಟೆಯಲ್ಲಿ ಬಿಚ್ಚಬಹುದಾದ ಲಿಫ್ಟು, ಹಿಂದಿನ ಎರಡು ಸಾಲು ಸೀಟಿನ ಜಾಗದಲ್ಲಿ ಪರದೆಯಲ್ಲ, ಬಾಗಿಲಿರೋ ಟಾಯ್ಲೆಟ್ಟು, ಒಂದು 12 ವೋಲ್ಟ್ ಔಷಧಿ ಫ್ರಿಜ್ಜು ಮಾಡಬಹುದು. ಗಾಡಿಯ ರೂಪ ಬದಲಿಸೋಕೆ ಆರ್‌ಟಿಒ ಒಪ್ಪಿಗೆ ಬೇಕು, ಆ ಕಾಗದಪತ್ರ ಓಡಾಡೋದೂ ಪ್ರಾಜೆಕ್ಟಿನ ಭಾಗವೇ. ಅಳತೆಗಳನ್ನ ಮೇಲೆ ಕೊಟ್ಟಿದ್ದೇವೆ. ಬಳಸೋರು ಯಾರು ಅಂತ ಊಹಿಸಬೇಕಿಲ್ಲ, ಮೂವರು ನಮ್ಮಲ್ಲೇ ಇದ್ದಾರೆ, ಕೇಳಿದರೆ ಹೇಳ್ತಾರೆ. ಕ್ಯಾಲಿಪರಿನ ಜೂನಿಯರ್ ಆಗಲೇ ಮೊದಲ ಷರತ್ತು ಹಾಕಿದ್ದಾನೆ: ಲಿಫ್ಟಿನ ಬಟನ್ ಹತ್ತೋನ ಕೈಗೆ ಸಿಗಬೇಕು, ಡ್ರೈವರ್ ಕೈಗೆ ಮಾತ್ರ ಅಲ್ಲ.

ಮೆಕ್ಯಾನಿಕಲ್‌ನ ಇಬ್ಬರು, ಸಿವಿಲ್‌ನ ಒಬ್ಬಳು ಹೆಸರು ಕೊಟ್ಟಿದ್ದಾರೆ. ಬ್ಯಾಟರಿ ಲೆಕ್ಕ ನೋಡಿಕೊಳ್ಳೋಕೆ ಎಲೆಕ್ಟ್ರಿಕಲ್‌ನವರು ಇನ್ನೂ ಯಾರೂ ಬಂದಿಲ್ಲ.